ಗಂಗೆ ಮುಟ್ಟಿಸಿ ಮಾಡಿಸಿದ ಆಣೆ

ನಮ್ಮ ದೊಡ್ಡಮ್ಮನಂಥ ಕಲ್ಲೆದೆಯ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೆ. ಹೊಸಕೋಟೆ ಕಡೆಯ ಅವಳ ಎಸ್ಟೇಟಿನಲ್ಲಿ ಒಂದು ಹಳೇ ಕಲ್ಲುಬಾವಿ ಇದೆ. ಒಂದು ಬೇಸಿಗೆ ಹೂಳು ತೆಗೆಸುವಾಗ ಕೆಸರಿನ ಜೊತೆ ಹಳೇ ನಾಣ್ಯಗಳು ಮೇಲೆ ಬಂದವು. ಯಾವ ರಾಜನ ಕಾಲದವೋ, ಬಾವಿ ತೋಡಿಸಿದವರು ಗಂಗೆಪೂಜೆಗೆ ಹಾಕಿದ್ದಿರಬೇಕು. ಕೆಸರು ತೊಳೆದು, ಒಂದೊಂದನ್ನೇ ಹೆಕ್ಕಿ ದೊಡ್ಡಮ್ಮನ ಕೈಗೆ ಕೊಟ್ಟವಳು ಕೂಲಿಯವರ ಲೈನ್‌ಮನೆಯ ಆಳು ಹೆಂಗಸು. ಮಡಿಲಿಗೆ ಹಾಕಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಇನ್ನೊಂದು ದೊಡ್ಡದಿತ್ತಲ್ಲ, ಬುಟ್ಟೀಲಿ ಹೊಳೀತಿತ್ತು. ಎಲ್ಲಿ ಮಡಗಿದ್ಯೇ?" ಎಂದು ದೊಡ್ಡಮ್ಮ ಶುರು ಮಾಡಿದಳು.

"ದೇವ್ರಾಣೆ ಇಲ್ಲ ಅಮ್ಮಾವ್ರೆ, ಸಿಕ್ಕಿದ್ನೆಲ್ಲ ಕೊಟ್ಟಿವ್ನಿ."

ಎಲ್ಲರ ಎದುರಿಗೇ ಅವಳ ಸೀರೆ ಕೊಡವಿಸಿದಳು. ಏನೂ ಸಿಗಲಿಲ್ಲ. ಪೊಲೀಸರಿಗೆ ಹೇಳಿದರೆ ಇದ್ದಬದ್ದ ನಾಣ್ಯವೂ ಸರ್ಕಾರದ ಪಾಲು. ಅದಕ್ಕೇ ಹಳೇ ನ್ಯಾಯ ತೆಗೆದಳು: ಅವಳು ಬಾವಿ ನೀರು ಮುಟ್ಟಿ, ಹೆತ್ತ ಮಗುವಿನ ತಲೆ ಮೇಲೆ ಕೈಯಿಟ್ಟು ಆಣೆ ಮಾಡಬೇಕು. ಸುಳ್ಳಾದರೆ ಗಂಗಮ್ಮ ಮಗುವನ್ನು ಉಳಿಸುವುದಿಲ್ಲ.

"ನನ್ ಮ್ಯಾಲೆ ಮಾಡ್ಸಿ ಅಮ್ಮಾವ್ರೆ, ಮಗೀನ್ ಮ್ಯಾಲೆ ಬ್ಯಾಡ" ಎಂದು ಅವಳು ಕಾಲಿಗೆ ಬಿದ್ದಳು.

"ಕದ್ದಿಲ್ದಿದ್ರೆ ಹೆದ್ರಿಕೆ ಯಾಕೆ?"

ಅವಳಿಗಿದ್ದದ್ದು ಒಂದೇ ಗಂಡುಮಗು. ಒದ್ದೆ ಕೈಯನ್ನು ಅದರ ನೆತ್ತಿಯ ಮೇಲಿಟ್ಟಳು. ತಣ್ಣೀರು ತಾಗಿ ಮಗು ಕಿಲಕಿಲ ನಕ್ಕಿತು.

ಮಳೆಗಾಲದಲ್ಲಿ ಅದಕ್ಕೆ ಜ್ವರ ಬಂತು. ಆಸ್ಪತ್ರೆಗೆ ಒಯ್ಯಲು ಜೀಪು ಕೇಳಿದರೆ, "ಗಂಗಮ್ಮನ್ನೇ ಕೇಳ್ಕೊ ಹೋಗು" ಎಂದು ದೊಡ್ಡಮ್ಮ ಬಾಗಿಲು ಹಾಕಿಕೊಂಡಳು. ಮಗು ಸತ್ತಿತು. ಕದ್ದದ್ದಕ್ಕೇ ಹೀಗಾಯಿತೆಂದು ಲೈನಿನವರೆಲ್ಲ ಆಡಿಕೊಂಡರು. ಗಂಡನೂ ಅದನ್ನೇ ನಂಬಿ ಅವಳನ್ನು ಬಿಟ್ಟುಹೋದ.

ಮುಂದಿನ ಬೇಸಿಗೆಯಲ್ಲಿ ಮೋಟಾರು ನೀರೆತ್ತಲಿಲ್ಲ. ಬಾವಿಯಿಂದ ಪೈಪು ಎತ್ತಿಸಿ ನೋಡಿದರೆ ಅದರ ತುದಿಯ ಫುಟ್‌ವಾಲ್ವಿನ ಜಾಲರಿಗೆ ಮೆತ್ತಿದ್ದ ಕೆಸರಿನಲ್ಲಿ ಆ ದೊಡ್ಡ ನಾಣ್ಯ! ಬುಟ್ಟಿಯಿಂದ ಜಾರಿ ಬಾವಿಗೇ ಬಿದ್ದಿತ್ತು.

"ಈಗೇನಂತೀಯ ದೊಡ್ಡಮ್ಮ?" ಎಂದೆ.

"ಮಗ ಸತ್ಮೇಲೆ ಹೆದ್ರಿ ತಂದ್ ಹಾಕ್ಬುಟ್ಟವ್ಳೆ ಕಣೋ" ಎಂದು ಅದನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ ದೇವರ ಮನೆಯಲ್ಲಿಟ್ಟಳು. ಥೂ, ನನ್ನ ಮೈಯೆಲ್ಲ ಉರಿದುಹೋಯಿತು.

ಸೀದಾ ಲೈನಿಗೆ ಹೋದೆ. "ನಾಣ್ಯ ಬಾವೀಲೇ ಸಿಕ್ತು ಕಣಕ್ಕ. ನಿಂದೇನೂ ತಪ್ಪಿಲ್ಲ, ಇನ್ಯಾರೂ ನಿನ್ನ ಏನೂ ಅನ್ನಂಗಿಲ್ಲ" ಎಂದೆ. ಅವಳಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ.

ಅವಳು ಹೇಳಿದಳು: "ನಂಗೇ ಗೊತ್ತಿಲ್ದಂಗೆ ಸೆರಗ್ನಾಗೆ ಬಂದು ಎಲ್ಲೋ ಬಿದ್ದೋಗಿರ್ಬೇಕು, ತಪ್ಪು ನಂದೇ ಅಂದ್ಕಂಡು ತಡ್ಕಂಡಿದ್ದೆ ಅಣ್ಣಯ್ಯ. ಹಂಗಾರೆ ಗಂಗಮ್ಮ ನನ್ ಮಗೀನ ಯಾಕ್ ಕರ್ಕಂಡ್ಳು?"