ತಟ್ಟೆ ಹಿಡಿದು ಏಳುವುದು

ನಮ್ಮ ಮನೆಯವರು ನಡೆದುಕೊಳ್ಳುವ ಮಠ ಗುಬ್ಬಿಯ ಹತ್ತಿರವಿದೆ. ಅಲ್ಲಿ ನೆಲದ ಮೇಲೆ ಪಂಕ್ತಿ ಊಟ. ಉಂಡವರು ತಮ್ಮ ತಟ್ಟೆಯನ್ನು ತಾವೇ ತೊಳೆದಿಡಬೇಕು. ಹೋದ ವರ್ಷ ಊಟ ಮುಗಿಸಿ ಏಳಲು ಹೊರಟೆ, ಆಗಲಿಲ್ಲ. ಎಡಗೈಯಲ್ಲಿ ತಟ್ಟೆ, ಬಲಗೈ ಎಂಜಲು. ನೆಲಕ್ಕೆ ಊರಲು ದೇವರು ಮೂರನೇ ಕೈ ಕೊಟ್ಟಿಲ್ಲ. ಬಡಿಸುವವರೊಬ್ಬರು ಬಂದು ತೋಳು ಹಿಡಿದು ಎತ್ತಿ, ಮುಂದಿನ ಸಲ ಟೇಬಲ್ ಸಾಲಿಗೆ ಬನ್ನಿ ಅಜ್ಜಿ ಎಂದರು. ನನಗೆ ಐವತ್ತೆರಡು. ಮೈಯೆಲ್ಲ ಉರಿದುಹೋಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಮನೆಯವರಿಗೆ ಮಾತ್ರ ಮಠದ ನೆಲ ಜಾರುತ್ತಿತ್ತು ಎಂದೆ, ಕುಣಿಯಲಾರದವಳು ನೆಲ ಡೊಂಕು ಅಂದಂತೆ.

ಮರಳೂರಿನ ಮನೆಗೆ ಬಂದವಳೇ ಮೊಬೈಲಿನಲ್ಲಿ ವ್ಯಾಯಾಮದ ವಿಡಿಯೊ ನೋಡಲು ಕೂತೆ. ಡಂಬಲ್ಸ್ ಬಂದವು, ರಬ್ಬರ್ ಪಟ್ಟಿ ಬಂತು. ನಾನು ಹೈಸ್ಕೂಲ್ ಟೀಚರ್, ಟೈಮ್‌ಟೇಬಲ್ ಬರೆಯುವುದು ನನ್ನ ಚಟ. ಸೋಮವಾರ ತೋಳು, ಮಂಗಳವಾರ ತೊಡೆ, ಬುಧವಾರ ಬೆನ್ನು ಎಂದು ಮೂರು ಬಣ್ಣದಲ್ಲಿ ಚಾರ್ಟ್ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಒಂದು ದಿನ ತಪ್ಪಿದರೆ ವಾರವೆಲ್ಲ ಎಡವಟ್ಟು. ಸರಿಪಡಿಸಲು ಮತ್ತೊಂದು ಚಾರ್ಟ್. ಮೈ ಇದ್ದ ಹಾಗೇ ಇತ್ತು.

ಆಗ ಕುಣಿಗಲ್ಲಿನಿಂದ ಚಿಕ್ಕಮ್ಮ ಬಂದರು. ಎಪ್ಪತ್ತು ದಾಟಿದ್ದರೂ ತೋಟದಲ್ಲಿ ತೆಂಗಿನಕಾಯಿ ಆಯ್ದು, ಚೀಲ ತಾವೇ ಎತ್ತುವವರು. ಚಾರ್ಟನ್ನು ಮೇಲಿಂದ ಕೆಳಗೆ ನೋಡಿ, ಇದರಲ್ಲಿ ನೆಲದಿಂದ ಏಳೋದು ಯಾವ ವಾರ ಎಂದು ಕೇಳಿದರು. ಹುಡುಕಿದೆ. ಎಲ್ಲೂ ಇರಲಿಲ್ಲ.

“ನಿಂಗೆ ಏಳಕ್ಕಾಗಲ್ಲ ತಾನೆ? ಹಂಗಾದ್ರೆ ಕೂತ್ಕೊ, ಏಳು. ಕಾಯಿ ಚೀಲ ಎತ್ತು, ಇಡು. ಇಷ್ಟೇ ಕಣೇ. ಮಿಕ್ಕಿದ್ದೆಲ್ಲ ಬುಡು.”

ಮೊದಲು ಕುರ್ಚಿಯಿಂದ ಎದ್ದೆ, ಆಮೇಲೆ ಮಣೆಯಿಂದ, ಎಷ್ಟೋ ತಿಂಗಳ ಮೇಲೆ ನೆಲದಿಂದ. ಚೀಲದಲ್ಲಿ ಎರಡೇ ಕಾಯಿ; ಸಲೀಸಾದಾಗ ಇನ್ನೊಂದು. ವಾರಕ್ಕೆ ಮೂರು ದಿನ, ಸಾರು ಕುದಿಯುವಷ್ಟು ಹೊತ್ತು. ಡಂಬಲ್ಸ್ ಈಗ ಗಾಳಿಗೆ ಬಾಗಿಲು ಬಡಿದುಕೊಳ್ಳದಂತೆ ಕಾವಲು ಕೂತಿವೆ.

ಈ ವರ್ಷ ಅದೇ ಮಠದಲ್ಲಿ ಚಿಕ್ಕಮ್ಮನ ಪಕ್ಕ ನೆಲಕ್ಕೇ ಕೂತೆ. ಏನು ಉಂಡೆನೋ ನೆನಪಿಲ್ಲ. ಗಮನವೆಲ್ಲ ಮಂಡಿಯ ಮೇಲೆ. ಅನ್ನ ಸಾರು ಮುಗಿಯುತ್ತಲೇ ತಟ್ಟೆ ಹಿಡಿದು ಎದ್ದುಬಿಟ್ಟೆ. ಯಾರನ್ನೂ ಹಿಡಿಯಲಿಲ್ಲ, ಎಲ್ಲೂ ಕೈ ಊರಲಿಲ್ಲ. ಹಿಗ್ಗಿನಲ್ಲಿ ಸುತ್ತ ನೋಡಿದರೆ, ಇಡೀ ಪಂಕ್ತಿಯಲ್ಲಿ ನಿಂತವಳು ನಾನೊಬ್ಬಳೇ.

ಚಿಕ್ಕಮ್ಮ ಸೆರಗು ಎಳೆದರು. “ಮಜ್ಜಿಗೆ ಇನ್ನೂ ಬಂದಿಲ್ಲ, ಕೂತ್ಕೊಳೇ.”

ಕೂತೆ. ಮಜ್ಜಿಗೆ ಅನ್ನ ಉಂಡು, ಎಲ್ಲರ ಜೊತೆ ಮತ್ತೆ ಎದ್ದು, ನನ್ನ ತಟ್ಟೆ ನಾನೇ ತೊಳೆದಿಟ್ಟೆ.