ಸೋಮವಾರದ ಸಹಿಗಳು

ಕೋವಿ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಇಪ್ಪತ್ತಾರು ವರ್ಷ ರಿಪೇರಿ ಕೆಲಸ ಮಾಡಿದವಳು ಎಲ್ಲರಿಗೂ ಎಣ್ಣೆಯಕ್ಕ. ಆ ಹೆಸರು ಬಂದದ್ದು ಅವಳ ಕೈಯಿಂದ. ಎಷ್ಟು ಸೋಪು ಹಚ್ಚಿ ಉಜ್ಜಿದರೂ ಉಗುರಿನ ಸಂದಿಯಿಂದ ಕೋವಿ ಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. "ದೊಡ್ಡಮ್ಮಾ, ನನ್ನ ತಟ್ಟೆ ಮಾತ್ರ ಮುಟ್ಬೇಡ" ಎಂದು ತಂಗಿಯ ಮಗಳು ಮೂಗು ಹಿಡಿದುಕೊಳ್ಳುತ್ತಿದ್ದಳು. ಎಣ್ಣೆಯಕ್ಕ ನಗುತ್ತಿದ್ದಳು. ಆ ವಾಸನೆಯ ಬಗ್ಗೆ ಅವಳಿಗೆ ನಾಚಿಕೆ ಇರಲಿಲ್ಲ. ನಾಚಿಕೆಪಡುವಂಥದ್ದು ಆ ಅಂಗಡಿಯಲ್ಲಿ ಬೇರೆ ಬೇಕಾದಷ್ಟಿತ್ತು.

ಕೆಲಸ ಕಲಿಸಿದವನು ಅಪ್ಪ. ಅವನು ಕೂರುತ್ತಿದ್ದ ಮೇಜೇ ಅವಳದೂ. ಹಿಡಿ ಸವೆದ ಸುತ್ತಿಗೆ, ತಪ್ಪಿ ಗುಂಡು ಹಾರಿದರೆ ತಡೆಯಲು ಮೂಲೆಯಲ್ಲಿಟ್ಟ ಮರಳಿನ ಡಬ್ಬ ಎಲ್ಲ ಅವನ ಕಾಲದವು. ಕೋವಿ ಯಾರ ಕೈಯಿಂದಲೇ ಬರಲಿ, ದೇವರೇ ಬಂದು ಖಾಲಿ ಎಂದು ಆಣೆ ಮಾಡಲಿ, ಮೊದಲು ಅದರ ಮೂತಿಯನ್ನು ಮರಳಿನ ಕಡೆ ತಿರುಗಿಸಬೇಕು, ನಳಿಗೆಯ ಬುಡದ ಬಾಯಿ ತೆರೆಯಬೇಕು, ತೋಟಾ ಕೂರುವ ಗೂಡಿಗೆ ಕಿರುಬೆರಳು ಹಾಕಿ ನೋಡಬೇಕು. ಕೆಳಗಿಟ್ಟು ಮತ್ತೆ ಎತ್ತಿಕೊಂಡರೆ ಮತ್ತೆ ಹಾಕಬೇಕು. ಸಾಯುವ ಹಿಂದಿನ ವಾರ ಅಪ್ಪ ಚಹಾ ಕುಡಿಯಲು ಎದ್ದುಹೋಗಿ, ತಾನೇ ತೆರೆದಿಟ್ಟ ಕೋವಿಗೆ ತಿರುಗಿ ಬಂದು ಮತ್ತೆ ಬೆರಳು ಹಾಕಿದ್ದ.

ಇಂಥವನ ಕೈಯಲ್ಲಿ ಪಳಗಿದವಳಿಗೆ ಶನಿವಾರ ಬಂತೆಂದರೆ ಕೋಣೆಯಿಂದ ಹೊರಗೆ ಕಾಲಿಡುವುದೇ ಬೇಡವೆನಿಸುತ್ತಿತ್ತು. ಶನಿವಾರ ಮಧ್ಯಾಹ್ನ ಅಂಗಡಿಯ ಮುಂದಿನ ಬೆಂಚಿಗೆ ಕೋವಿ ಪ್ರೇಮಿಗಳು ಬರುತ್ತಿದ್ದರು. ಬೇಟೆ ಆಡಿದವರಲ್ಲ, ಯುದ್ಧ ಕಂಡವರಲ್ಲ, ಮನೆಯಲ್ಲಿ ಇಲಿ ಕಂಡರೆ ಹೆಂಡತಿಯನ್ನು ಕೂಗುವ ಜನ. ಮಾಲೀಕ ಅವರಿಗೆ ಚಹಾ ತರಿಸುತ್ತಿದ್ದ. ಅವರು ಹೊಸ ಗಿರಾಕಿಗಳನ್ನು ಎಳೆದು ತರುತ್ತಿದ್ದರಲ್ಲ, ಅದಕ್ಕೆ.

ಬೆಂಚಿಗೆ ಇಬ್ಬರು ಹಿರಿಯರು. ಒಬ್ಬರು ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಬಾಯಿ ಬಿಟ್ಟರೆ ಕೋವಿ ಕಾಯ್ದೆಯ ಕಲಮುಗಳೇ ಉದುರುತ್ತಿದ್ದುದರಿಂದ ಅವರು ಕಲಮು ಸಾಹೇಬರು. ಯಾವ ಕೋವಿಗೆ ಯಾವ ಪರವಾನಗಿ, ಎಷ್ಟು ತೋಟಾ ಇಡಬಹುದು, ಪೊಲೀಸರು ಕೇಳಿದರೆ ಏನು ಹೇಳಬೇಕು, ಏನು ಹೇಳಬಾರದು, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿ. ಇನ್ನೊಬ್ಬರು ಚಿತ್ರಕಲೆಯ ಮೇಷ್ಟ್ರು. ಸೈನಿಕರು ಕೋವಿಯ ಮೂತಿಗೆ ಸಿಕ್ಕಿಸುವ ಬಯನೆಟ್ಟುಗಳನ್ನು ಕೂಡಿಹಾಕುವುದು ಅವರ ಹುಚ್ಚು. ನಲವತ್ತೊಂದು ಬಯನೆಟ್ಟುಗಳು ಅವರ ಮಂಚದ ಕೆಳಗೆ, ಹೆಂಡತಿಯ ಹಳೆಯ ಶಾಲುಗಳಲ್ಲಿ ಸುತ್ತಿಕೊಂಡು ಮಲಗಿದ್ದವು.

ಅವುಗಳಲ್ಲಿ ಒಂದು ಮೇಷ್ಟ್ರ ಪಾಲಿಗೆ ಹಿರಿಮಗನಿದ್ದ ಹಾಗೆ. ಅದರ ಅಲಗಿನ ಉದ್ದಕ್ಕೂ ಇದ್ದ ಕಾಲುವೆಯಲ್ಲಿ ಕಂದುಗಪ್ಪು ಕಲೆಯೊಂದು ಗಟ್ಟಿಯಾಗಿ ಕೂತಿತ್ತು. ಅದನ್ನು ಕೈಯಿಂದ ಕೈಗೆ ದಾಟಿಸುತ್ತ ಮೇಷ್ಟ್ರು ಸ್ವರ ತಗ್ಗಿಸಿ ಹೇಳುತ್ತಿದ್ದರು, "ರಕ್ತ. ಯಾವ ಪುಣ್ಯಾತ್ಮನದೋ. ಒರೆಸಿಲ್ಲ ನಾನು. ಮೂಸಿ ನೋಡಿ." ದೊಡ್ಡ ದೊಡ್ಡ ಗಂಡಸರು ಕಣ್ಣು ಮುಚ್ಚಿ ಮೂಸುತ್ತಿದ್ದರು. ಒಬ್ಬ ಮೈ ಜುಮ್ಮೆಂದಿತು ಎನ್ನುತ್ತಿದ್ದ. ಒಳಗೆ ಕೂತ ಎಣ್ಣೆಯಕ್ಕ ಮುಖ ತಿರುಗಿಸುತ್ತಿದ್ದಳು. ಅದು ರಕ್ತವಲ್ಲ, ಗೋದಾಮಿನಲ್ಲಿ ತುಕ್ಕು ಹಿಡಿಯದಿರಲೆಂದು ಬಳಿದು, ಒಣಗಿ ಕಲ್ಲಾದ ಗ್ರೀಸು. ಸೀಮೆಎಣ್ಣೆಯ ಬಟ್ಟೆಯಿಂದ ನಾಲ್ಕು ಸಲ ಉಜ್ಜಿದರೆ ಹೋಗುವಂಥದ್ದು. ಅವಳಿಗೆ ಅಸಹ್ಯವಾದದ್ದು ಗ್ರೀಸಿನ ಬಗ್ಗೆ ಅಲ್ಲ. ಅದು ಒಬ್ಬನ ಹೊಟ್ಟೆಯಿಂದ ಬಂದದ್ದೇ ಆಗಿರಲಿ ಎಂದು ಆ ಗಂಡಸರೆಲ್ಲ ಆಸೆಪಡುತ್ತಿದ್ದರಲ್ಲ, ಅದರ ಬಗ್ಗೆ.

ಒಂದು ಶನಿವಾರ ಆ ಬೆಂಚಿನ ಮೇಲೆ ಅವಳ ತಂಗಿಯ ಗಂಡ ಬಂದು ಕೂತ. ಬಸ್ ಡಿಪೋದಲ್ಲಿ ಮೇಲ್ವಿಚಾರಕ. ನಾಲ್ಕು ಜನರ ನಡುವೆ ಬಲು ನಗುಮೊಗದವನು, ಜೋಕು ಹೇಳುವವನು. ಮನೆಯಲ್ಲಿ ಆ ಮುಖ ಕಂಡವರಿಲ್ಲ. ಎರಡು ವರ್ಷದ ಹಿಂದೆ ತಂಗಿಯ ಎಡಗಿವಿ ಕೇಳದಂತಾಯಿತು. ಬಚ್ಚಲಲ್ಲಿ ಜಾರಿಬಿದ್ದೆ ಎಂದಿದ್ದಳು. ಜಾರಿಬಿದ್ದವರ ಕೆನ್ನೆಯ ಮೇಲೆ ಬೆರಳುಗಳು ಮೂಡುವುದಿಲ್ಲ ಎಂಬುದು ಎಣ್ಣೆಯಕ್ಕನಿಗೆ ಗೊತ್ತಿತ್ತು. ಕೇಳಿದರೆ ತಂಗಿ ಹೊಲಿಗೆ ಯಂತ್ರವನ್ನು ಇನ್ನೂ ಜೋರಾಗಿ ತುಳಿಯುತ್ತಿದ್ದಳು.

"ಮೊದಲನೇ ಕೋವಿ ಅಂದ್ರೆ ಪಾಯಿಂಟ್ ಟೂ ಟೂ ರೈಫಲ್ಲೇ ಸರಿ" ಎಂದು ಮೇಷ್ಟ್ರು ಶುರುಮಾಡಿದ್ದರು. "ಭುಜಕ್ಕೆ ಒದೆಯಲ್ಲ, ಸದ್ದೂ ಕಮ್ಮಿ. ಕೈ ಪಳಗುತ್ತೆ."

"ಅದು ಡಬ್ಬ ಹೊಡೆಯೋಕೆ ಮೇಷ್ಟ್ರೇ" ಎಂದರು ಕಲಮು ಸಾಹೇಬರು. "ಮನೇಲಿ ಇಟ್ಕೊಳ್ಳೋಕೆ ಒಂಟಿ ನಳಿಗೆದೇ ಚೆಂದ. ಪರವಾನಗಿನೂ ಬೇಗ ಸಿಗುತ್ತೆ. ಎದುರಿಗಿರೋರಿಗೆ ನೋಡಿದ್ರೇನೇ ಅರ್ಧ ಜೀವ ಹೋಗ್ಬೇಕು."

"ನಂಗೂ ಅದೇ ಬೇಕಿತ್ತು ಸಾಹೇಬ್ರೇ" ಎಂದ ತಂಗಿಯ ಗಂಡ. "ಗೋಡೆ ಮೇಲೆ ಒಂದು ಇದ್ರೆ ಮನೇಲಿ ಮಾತು ಕೇಳ್ತಾರೆ."

ಬೆಂಚು ಪೂರ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಣ್ಣೆಯಕ್ಕ ಕಬ್ಬಿಣ ಉಜ್ಜುತ್ತಿದ್ದ ಅರ ಕೆಳಗಿಟ್ಟು ಹೊರಗೆ ಬಂದಳು. ಕಪಾಟಿನಿಂದ ಒಂಟಿ ನಳಿಗೆಯ ಕೋವಿ ತೆಗೆದು, ತೆರೆದು, ಬೆರಳು ಹಾಕಿ ನೋಡಿ, ಮುಚ್ಚಿ ಅವನ ಕೈಗೆ ಕೊಟ್ಟಳು. "ಹಿಡಿದು ತೋರ್ಸಿ."

ಅವನು ಅದನ್ನು ತೆರೆಯಲಿಲ್ಲ. ಬೆರಳನ್ನು ನೇರ ಟ್ರಿಗರ್ ಮೇಲಿಟ್ಟ, ನಳಿಗೆಯನ್ನು ಬೆಂಚಿನ ಈ ತುದಿಯಿಂದ ಆ ತುದಿಗೆ, ಕೂತವರ ಎದೆಗಳ ಮೇಲೆ ಹಾಯಿಸಿದ, ಟಕ್ಕೆಂದು ಎಳೆದ. ಮೇಷ್ಟ್ರ ಕೈಯ ಚಹಾ ತುಳುಕಿತು.

"ಖಾಲಿ ಇದೆ ಬಿಡಿ, ನಾನೇ ನೋಡಿದೀನಿ" ಎಂದರು ಆ ಕೋವಿಯನ್ನು ಮುಟ್ಟಿಯೂ ನೋಡದ ಕಲಮು ಸಾಹೇಬರು.

ಅವಳು ಕೋವಿ ಕಸಿದುಕೊಂಡು ಒಳಕೋಣೆಯ ಮರಳಿನ ಕಡೆ ತಿರುಗಿಸಿ ಮತ್ತೆ ಬೆರಳು ಹಾಕಿದಳು. "ಇವರ ಅರ್ಜಿಗೆ ನಾನು ಸಹಿ ಹಾಕಲ್ಲ."

"ಅಯ್ಯೋ ಅತ್ತಿಗೆ" ಎಂದು ಅವನು ನಗುತ್ತಲೇ ಜೇಬಿನಿಂದ ಮಡಿಸಿದ ಕಾಗದ ತೆಗೆದ. "ಮೊನ್ನೆ ಮಾಲೀಕ್ರು ಕೊಟ್ಟಾಗ್ಲೇ ನಿಮ್ಮ ಸಹಿ ಆಗಿತ್ತಲ್ಲ."

ಆಗಿತ್ತು. ಹೊಸಬರು ಕೋವಿ ಕೊಳ್ಳಬೇಕಾದರೆ ಅರ್ಜಿಗೆ ಮೂವರ ಸಹಿ ಬೇಕು: ಅರ್ಜಿ ಹಾಕಿದವನದು, ಮನೆಯಲ್ಲಿರುವ ಹೆಂಡತಿಯದೋ ಗಂಡನದೋ ಒಪ್ಪಿಗೆ, ಮತ್ತು ಇವನು ನನ್ನ ಕಣ್ಣೆದುರು ಕೋವಿ ಹಿಡಿದು ತೆರೆದು ತೋರಿಸಿದ್ದಾನೆ ಎಂದು ಅಂಗಡಿಯ ರಿಪೇರಿಯವರದು. ಐದು ವರ್ಷದ ಹಿಂದೆ ಅವಳ ಎಣ್ಣೆಗೈ ಬಡಿದು ಕಲೆಯಾದ ಅರ್ಜಿಯೊಂದನ್ನು ಪರವಾನಗಿ ಕಚೇರಿಯವರು ವಾಪಸು ಕಳಿಸಿದ್ದರು. ಅಂದಿನಿಂದ ಮಾಲೀಕ ಒಂದು ಪದ್ಧತಿ ಮಾಡಿದ. ಸೋಮವಾರ ಬೆಳಿಗ್ಗೆ, ಇನ್ನೂ ಯಾವ ಕೋವಿಯನ್ನೂ ಮುಟ್ಟುವ ಮೊದಲು, ಅವಳು ತೊಳೆದ ಕೈಯಲ್ಲಿ ಇಪ್ಪತ್ತು ಖಾಲಿ ಅರ್ಜಿಗಳಿಗೆ ಸಹಿ ಹಾಕಿಡಬೇಕು. ಮೊದಮೊದಲು ಯಾರು ಬಂದರು, ಏನು ತೋರಿಸಿದರು ಎಂದು ಅವಳು ಕೇಳಿ ತಿಳಿದುಕೊಳ್ಳುತ್ತಿದ್ದಳು. ಆಮೇಲೆ ಅದೂ ನಿಂತಿತು. ಕೋವಿಯ ಗೂಡಿಗೆ ಎರಡೆರಡು ಸಲ ಬೆರಳು ಹಾಕುವವಳು, ಮನುಷ್ಯರನ್ನು ಒಂದು ಸಲವೂ ನೋಡದೆ ಒಳ್ಳೆಯವರೆಂದು ಬರೆದುಕೊಡುತ್ತಿದ್ದಳು.

"ಸಹಿ ಆದ ಮೇಲೆ ಆಯ್ತಮ್ಮ" ಎಂದರು ಕಲಮು ಸಾಹೇಬರು, ಪಾಠ ಹೇಳುವವರಂತೆ. "ಹೆಂಡ್ತಿ ಒಪ್ಪಿಗೆನೂ ಇದೆ. ಈಗ ನೋಡಿಲ್ಲ ಅಂದ್ರೆ ಸುಳ್ಳು ಹೇಳಿದೋರು ನೀವೇ ಆಗ್ತೀರ. ಅದಕ್ಕೆ ಬೇರೆ ಕಲಮಿದೆ."

ಅವಳು ಮಾಲೀಕನ ಮುಖ ನೋಡಿದಳು. "ಮನೆ ಜಗಳಾನ ಅಂಗಡಿಗೆ ತರಬೇಡ" ಎಂದು ಅವನು ಚಹಾ ಲೋಟಗಳನ್ನು ಎತ್ತತೊಡಗಿದ. ಅವಳಿಗೆ ಆ ಬೆಂಚಿನ ಮೇಲೆ ಉಗಿಯಬೇಕೆನಿಸಿತು. ಆದರೆ ಬೆಂಚಿನವರು ಹಿಡಿದುಕೊಂಡಿದ್ದ ಕಾಗದದಲ್ಲಿ ಇದ್ದದ್ದು ಅವಳದೇ ಹೆಸರು, ಒಂದು ಚುಕ್ಕೆ ಎಣ್ಣೆಯೂ ತಾಗದ ಸ್ವಚ್ಛ ಅಕ್ಷರದಲ್ಲಿ.

ಸೋಮವಾರ ಅವಳು ಅಂಗಡಿಗೆ ಹೋಗಲಿಲ್ಲ. ತಂಗಿಯ ಗಂಡ ಡಿಪೋಗೆ ಹೊರಟದ್ದನ್ನು ಬೀದಿ ತಿರುವಿನಲ್ಲಿ ನಿಂತು ನೋಡಿ, ಆಮೇಲೆ ತಂಗಿಯ ಬಾಗಿಲು ತಟ್ಟಿದಳು. ತಂಗಿ ಕಿಟಕಿಯ ಬಳಿ ಶರ್ಟುಗಳಿಗೆ ಕಾಲರು ಕೂರಿಸುತ್ತಿದ್ದಳು. ಎಣ್ಣೆಯಕ್ಕ ಕೇಳುವ ಕಿವಿಯ ಕಡೆಗೆ ಹೋಗಿ ಕೂತಳು.

"ಒಪ್ಪಿಗೆ ಯಾಕೆ ಕೊಟ್ಟೆ?" ಎಂದಳು. ಸಿಟ್ಟಿತ್ತು ಧ್ವನಿಯಲ್ಲಿ. "ಹೊಡೆದ್ನಾ? ಕೈ ಹಿಡಿದು ಹಾಕಿಸಿದ್ನಾ? ನನ್ನ ಹತ್ರ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

ತಂಗಿ ಕಾಲರಿನ ಮೂಲೆಯನ್ನು ಉಗುರಿನಿಂದ ಚೂಪು ಮಾಡುತ್ತಿದ್ದಳು. "ಹೊಡೀಲಿಲ್ಲ ಅಕ್ಕ. ಅವತ್ತು ಹೊಡೀಲಿಲ್ಲ. ಕಾಗದ ಮುಂದೆ ಇಟ್ರು ಅಷ್ಟೆ. ನಾನು ನಿನ್ನ ಹತ್ರಾನೇ ಓಡಿ ಬರೋಣ ಅಂತಿದ್ದೆ. ನೋಡಿದ್ರೆ ನಿನ್ನ ಸಹಿ ಆಗ್ಲೇ ಇತ್ತು."

ಎಣ್ಣೆಯಕ್ಕ ಮಡಿಲಲ್ಲಿದ್ದ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅಕ್ಕನೇ ಸರಿ ಅಂದಿದಾಳೆ ಅಂದ್ಮೇಲೆ ಇನ್ಯಾರ ಹತ್ರ ಹೇಳ್ಲಿ ಅನ್ಕೊಂಡೆ" ಎಂದಳು ತಂಗಿ. ಆ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿ ಇತ್ತು.

ಪರವಾನಗಿ ಕಚೇರಿ ಅಲ್ಲಿಂದ ಎರಡು ಬೀದಿ ಆಚೆ. ಎಣ್ಣೆಯಕ್ಕ ನಡೆದೇ ಹೋದಳು. ಕಿಟಕಿಯ ಹಿಂದಿನ ಗುಮಾಸ್ತೆ ತಂಗಿಯ ಗಂಡನ ಅರ್ಜಿಗೆ ನೋಡದೆ ಸಹಿ ಹಾಕಿದ್ದೇನೆ ಎಂಬ ಅವಳ ಮಾತು ಕೇಳಿ, ಪೆನ್ಸಿಲು ಕೆಳಗಿಟ್ಟು, "ಇದೊಂದೇ ಅರ್ಜಿನಾ?" ಎಂದು ಕೇಳಿದಳು.

ಒಂದೇ ಎನ್ನಬಹುದಿತ್ತು. ಎಂದರೆ ಮಾಲೀಕ ಅದು ಮನೆ ಜಗಳ ಎನ್ನುತ್ತಾನೆ, ಕಲಮು ಸಾಹೇಬರು ಕಲಮು ಹುಡುಕುತ್ತಾರೆ, ಮುಂದಿನ ತಿಂಗಳು ತಂಗಿಯ ಗೋಡೆಯ ಮೇಲೆ ಕೋವಿ ಇರುತ್ತದೆ. ಅಷ್ಟೇ ಅಲ್ಲ, ಒಂದೇ ಎಂದರೆ ಅದೂ ಸುಳ್ಳು.

"ಎಲ್ಲಾನೂ" ಎಂದಳು. "ಐದು ವರ್ಷದಿಂದ ಹಾಕಿದ್ದೆಲ್ಲ. ಒಬ್ಬರನ್ನೂ ನೋಡಿಲ್ಲ ನಾನು."

ಅವಳ ಕೆಲಸ ಅವತ್ತೇ ಹೋಯಿತು. ಮೂರನೇ ದಿನ ತಂಗಿಯ ಗಂಡನ ಅರ್ಜಿ ರದ್ದಾದ ಕಾಗದ ಬಂತು. ಅದನ್ನು ಅವನು ಓದುವ ಮೊದಲೇ ಓದಿದ ತಂಗಿ, ಹೊಲಿಗೆ ಯಂತ್ರದ ತಲೆಯನ್ನು ಬಿಚ್ಚಿ ದುಪ್ಪಟಿಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಮಗಳ ಕೈ ಹಿಡಿದು ಅಕ್ಕನ ಮನೆಗೆ ಬಂದಳು. ಅವನು ಸಂಜೆ ಬಂದು ಬಾಗಿಲು ಗುದ್ದಿ, ಬೀದಿಗೆಲ್ಲ ಕೇಳುವಂತೆ ಬೈದು ಹೋದ. ಗುದ್ದಿದ್ದು ಬರಿ ಮುಷ್ಟಿಯಲ್ಲಿ ಎಂಬುದನ್ನು ಒಳಗಿದ್ದ ಅಕ್ಕ ತಂಗಿ ಇಬ್ಬರೂ ಗಮನಿಸಿದರು.

ಕಚೇರಿಯವರು ಅವಳ ಸಹಿಯಿದ್ದ ಐದು ವರ್ಷದ ಎಲ್ಲ ಪರವಾನಗಿಗಳನ್ನೂ ತಡೆಹಿಡಿದು, ಎಂಟು ದಿನದೊಳಗೆ ಕೋವಿಗಳನ್ನು ತಂದೊಪ್ಪಿಸಬೇಕೆಂದು ನೋಟೀಸು ಕೊಟ್ಟರು. ಬಂದ ಕೋವಿಗಳನ್ನು ತೆರೆದು ನೋಡಲು ಅಲ್ಲಿ ಯಾರಿಗೂ ಬಾರದ್ದರಿಂದ, ತಪ್ಪೊಪ್ಪಿಕೊಂಡವಳನ್ನೇ ಕರೆಸಿದರು. ಅವಳು ಒಂದು ಬಕೆಟ್ಟಿನಲ್ಲಿ ಮರಳು ತರಿಸಿಕೊಂಡು ನಿಂತಳು. ಬೆಂಚಿನವರೆಲ್ಲ ಸಾಲಿನಲ್ಲಿದ್ದರು, ಒಬ್ಬೊಬ್ಬರ ಮುಖವೂ ಹರಳೆಣ್ಣೆ ಕುಡಿದಂತೆ. ಮೇಷ್ಟ್ರು ಬಯನೆಟ್ಟುಗಳನ್ನೂ ಕಿತ್ತುಕೊಳ್ಳುತ್ತಾರೋ ಎಂಬ ಹೆದರಿಕೆಯಿಂದ ಹಿರಿಮಗನನ್ನು ಶಾಲಿನಲ್ಲಿ ಸುತ್ತಿ ಎದೆಗೆ ಅವುಚಿಕೊಂಡಿದ್ದರು.

"ಅದು ಗ್ರೀಸು ಮೇಷ್ಟ್ರೇ" ಎಂದಳು ಎಣ್ಣೆಯಕ್ಕ. "ರಕ್ತ ಅಲ್ಲ. ಯಾವತ್ತೂ ಆಗಿರಲಿಲ್ಲ." ಕೋವಿ ಹೋದದ್ದಕ್ಕಿಂತ ಆ ಮಾತಿಗೇ ಅವರು ಹೆಚ್ಚು ಕುಗ್ಗಿದರು.

ಅವರ ಹಿಂದೆ ಕಲಮು ಸಾಹೇಬರು. "ನಮ್ಮಂಥ ತಿಳಿದೋರ್ನೂ ಎಲ್ರ ಜೊತೆ ನಿಲ್ಲಿಸಿಬಿಟ್ರಿ" ಎನ್ನುತ್ತ ತಮ್ಮ ಜೋಡಿ ನಳಿಗೆಯ ಕೋವಿಯನ್ನು ಮೇಜಿನ ಮೇಲಿಟ್ಟರು. "ಖಾಲಿ ಇದೆ."

ಅವಳು ಮೂತಿಯನ್ನು ಬಕೆಟ್ಟಿಗೆ ತಿರುಗಿಸಿ ಬಾಯಿ ತೆರೆದಳು. ಎಡಗಡೆಯ ಗೂಡಿಗೆ ಕಿರುಬೆರಳು ಸಲೀಸಾಗಿ ಹೋಯಿತು. ಬಲಗಡೆಯದಕ್ಕೆ ಹೋಗಲಿಲ್ಲ. ಉಗುರು ಹಾಕಿ ತೋಟಾ ಎಳೆದು ಮೇಜಿನ ಮೇಲೆ ನಿಲ್ಲಿಸಿದಳು.

"ಸಾಧ್ಯಾನೇ ಇಲ್ಲ" ಎಂದರು ಸಾಹೇಬರು. "ಅದು ವರ್ಷದಿಂದ ಗೋಡೆ ಮೇಲೇ ಇದೆ. ಕೆಳಗೆ ಮಂಚದ ಮೇಲೆ ಮೊಮ್ಮಕ್ಕಳು ದಿನಾ..." ಕುರ್ಚಿ ಹುಡುಕಿ ಕೂತರು. ಅವಳಿಗೆ ಮರುಕ ಬರಲಿಲ್ಲ, ಬರೀ ಹೇಸಿಗೆ ಬಂತು. ಅಲ್ಲಿದ್ದ ಕಚೇರಿಯ ಅಧಿಕಾರಿ, ಕಲಮು ಸಾಹೇಬರ ಅರ್ಜಿಯನ್ನು ಹುಡುಕಿ ತೆಗೆದು, ಈತ ಕೋವಿ ತೆರೆದು ತೋರಿಸಿದ್ದಾನೆಂದು ದೃಢಪಡಿಸಿದವರು ಯಾರು ಎಂದು ಕೇಳಿದರು. "ನಾನೇ" ಎಂದಳು. ಆಗ ಆ ಹೇಸಿಗೆ ತಿರುಗಿ ಬಂದು ಅವಳ ಮೈಗೇ ಅಂಟಿತು.

ಮಧ್ಯಾಹ್ನ ಮನೆಗೆ ಬಂದು ನಲ್ಲಿ ತಿರುಗಿಸಿ ಕೈ ಉಜ್ಜುತ್ತ, ಸಾಹೇಬರ ಕೋವಿಯ ಕತೆಯನ್ನು ತಂಗಿಗೆ ಹೇಳಿದಳು. ಬೈದು ಬೈದು ಹೇಳಿದಳು. ಕಾಯ್ದೆ ಬಾಯಿಪಾಠ ಮಾಡಿದವರ ಮನೆಯಲ್ಲಿ, ಮಕ್ಕಳ ತಲೆಯ ಮೇಲೆ, ವರ್ಷಪೂರ್ತಿ ಒಂದು ತೋಟಾ ಕೂತಿತ್ತಲ್ಲ ಎಂದಳು. ಅವರ ಹೆಂಡತಿಗಾದರೂ ಬುದ್ಧಿ ಬೇಡವೇ, ಒಪ್ಪಿಗೆ ಹೇಗೆ ಕೊಟ್ಟಳು ಎಂದಳು.

ಮೇಜಿನ ಮೇಲಿಟ್ಟು ಕೈಯಿಂದ ತಿರುಗಿಸುತ್ತಿದ್ದ ಹೊಲಿಗೆ ಯಂತ್ರ ನಿಂತಿತು. ತಂಗಿ ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಅವರೂ ನಿನ್ನ ಸಹಿ ನೋಡೇ ಹಾಕಿರ್ತಾರೆ ಅಕ್ಕ" ಎಂದಳು.

ಎಣ್ಣೆಯಕ್ಕ ನಲ್ಲಿ ನಿಲ್ಲಿಸಿದಳು. ಸೋಪು ಇನ್ನೂ ಕೈಯಲ್ಲಿತ್ತು.