ಎಡತುದಿಯ ಮುಖ

ಮೂಲೆ ಮಾಸ್ತರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬಸ್ ನಿಲ್ದಾಣದ ಎದುರಿನ ಕಟ್ಟಡದ ಮೊದಲ ಮಹಡಿಯಲ್ಲಿ, ಹಲ್ಲಿನ ಡಾಕ್ಟರರ ಪಕ್ಕಕ್ಕೆ, ಅವರದೊಂದು ಫೋಟೋ ಸ್ಟುಡಿಯೋ. ಯಾರಾದರೂ ಮದುವೆಯ ಫೋಟೋ ತಂದು ತೋರಿಸಿದರೆ ಮಾಸ್ತರು ಹುಡುಗಿಯನ್ನೂ ನೋಡುತ್ತಿರಲಿಲ್ಲ, ಹುಡುಗನನ್ನೂ ನೋಡುತ್ತಿರಲಿಲ್ಲ. ಜೇಬಿನಿಂದ ಭೂತಗನ್ನಡಿ ತೆಗೆದು ನಾಲ್ಕು ಮೂಲೆಗಳನ್ನು ತಪಾಸಣೆ ಮಾಡಿ, "ಬಲಗಡೆ ಕೆಳಗೆ ಮಸುಕಾಗಿ ಕರಗಿದೆ" ಎಂದು ತೀರ್ಪು ಕೊಡುತ್ತಿದ್ದರು, ಇನ್ನು ನಮ್ಮ ಕೈಯಲ್ಲೇನೂ ಇಲ್ಲ ಎನ್ನುವ ಡಾಕ್ಟರರ ದನಿಯಲ್ಲಿ. ಹೆಸರು ಹಾಗೆ ಅಂಟಿತು. ಅಂಟಿಸಿದವನು ಎದುರು ಸಾಲಿನ ಇನ್ನೊಬ್ಬ ಫೋಟೋಗ್ರಾಫರ್. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲೂ ಫ್ಲಾಶ್ ಹೊಡೆಯುತ್ತಿದ್ದುದರಿಂದ ಅವನಿಗೆ ಫ್ಲಾಶ್ ಎಂದೇ ಹೆಸರು. ಹೀಗಾಗಿ ಇಬ್ಬರೂ ಸರಿಸಮ.

ಮಾಸ್ತರರ ಮೂಲೆಯ ಹುಚ್ಚಿಗೆ ಮೂಲ ಅವರ ಅಕ್ಕ. ಅಪ್ಪ ಹೋದ ಮೇಲೆ ಮನೆಯನ್ನು ಹೆಗಲ ಮೇಲೆ ಹೊತ್ತವಳು. ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗಕ್ಕೆ ಹತ್ತೊಂಬತ್ತನೆಯ ವಯಸ್ಸಿಗೆ ಸೇರಿದಳು. ತಮ್ಮನ ಕೈಗೆ ಮೊದಲ ಕ್ಯಾಮೆರಾ ಕೊಟ್ಟವಳೂ ಅವಳೇ.

ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಗುಂಪು ಫೋಟೋ ತೆಗೆಸುವ ರೂಢಿ. ನಡುವಿನ ಕುರ್ಚಿಯಲ್ಲಿ ಮ್ಯಾನೇಜರು, ಆಚೀಚೆ ಅಧಿಕಾರಿಗಳು, ಅವರ ಪಕ್ಕ ಎಂಜಿನಿಯರುಗಳು, ಆಮೇಲೆ ಆಫೀಸಿನವರು, ಅಂಚಿಗೆ ಪ್ಯಾಕಿಂಗಿನವರು. ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಎಲ್ಲರ ಕಾಲಿಗೂ ತಮ್ಮ ಜಾಗ ಗೊತ್ತು. ಎಲ್ಲರಿಗಿಂತ ಕೊನೆಗೆ ಬರುವವಳು ಅಕ್ಕ. ಬಿಸ್ಕತ್ತು ಹರಿದು ಬರುವ ಪಟ್ಟಿಯನ್ನು ನಿಲ್ಲಿಸುವ ಗುಂಡಿ ಅವಳ ವಶದಲ್ಲಿತ್ತು. ಪಟ್ಟಿ ನಿಲ್ಲಿಸಿ, ಅದರ ಮೇಲೆ ಉಳಿದದ್ದನ್ನು ತಟ್ಟೆಗೆ ಎತ್ತಿಟ್ಟು, ತಲೆಯ ಟೋಪಿ ತೆಗೆದು ಓಡಿಬರುವಷ್ಟರಲ್ಲಿ ಎಡತುದಿ ಬಿಟ್ಟು ಬೇರೆ ಜಾಗ ಇರುತ್ತಿರಲಿಲ್ಲ.

ಆ ಫೋಟೋಗಳೆಲ್ಲ ಒಂದೇ ಅಳತೆಯ ಚೌಕಟ್ಟುಗಳಲ್ಲಿ ಕಾರ್ಖಾನೆಯ ಮೊಗಸಾಲೆಯಲ್ಲಿ ಸಾಲಾಗಿ ತೂಗುತ್ತಿದ್ದವು. ಅಕ್ಕ ಸೇರಿದಾಗಿನಿಂದ ಮೂವತ್ತೆಂಟು. ಮೂವತ್ತೆಂಟರಲ್ಲೂ ಎಡತುದಿಯ ಮುಖ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಮೆತ್ತಗಾಗಿತ್ತು. ಅದರಲ್ಲಿ ಕೊನೆಯ ಹನ್ನೊಂದು ತೆಗೆದವರು ಸ್ವತಃ ಮಾಸ್ತರು. ಮುಳ್ಳು ಇದ್ದದ್ದು ಅಲ್ಲಿ. ಅಕ್ಕ ಆಡಿ ತೋರಿಸಿದವಳಲ್ಲ. ಒಂದೇ ಒಂದು ಸಲ, ಮೊಗಸಾಲೆಯಲ್ಲಿ ಜೊತೆಗೆ ನಡೆಯುತ್ತಿದ್ದಾಗ, "ಪರವಾಗಿಲ್ಲ ಬಿಡೋ, ನಾನೇ ಅಂತ ನನಗೆ ಗೊತ್ತಾಗತ್ತಲ್ಲ" ಅಂದಿದ್ದಳು.

ಈ ವರ್ಷ ಅಕ್ಕನ ನಿವೃತ್ತಿ. ಉಳಿದದ್ದು ಒಂದೇ ಫೋಟೋ. ಆ ಗೋಡೆಯ ಮೇಲೆ ಅಕ್ಕನ ಮುಖ ಒಂದು ಸಲವಾದರೂ ಮುಖವಾಗಿ ಕೂರಬೇಕೆಂದು ಮಾಸ್ತರು ಹಟ ಹಿಡಿದರು. ಅಂಗಳ ಕಿರಿದು. ಹಿಂದೆ ಸರಿದರೆ ಬೆನ್ನಿಗೆ ಗೋದಾಮಿನ ಗೋಡೆ. ನೂರನಲವತ್ತು ಜನರನ್ನು ಅಲ್ಲಿಂದ ಹಿಡಿಯಲು ವೈಡ್ ಆ್ಯಂಗಲ್ ಝೂಮ್ ಲೆನ್ಸೇ ಆಗಬೇಕು, ಅದೂ ಅಂಚಿನವರೆಗೆ ನಿಚ್ಚಳವಾಗಿ ಕಾಣುವಂಥದು.

ಕ್ಯಾಮೆರಾ ಅಂಗಡಿಯವನು ಹಳೆಯ ಗಿರಾಕಿಯೆಂದು ವಾರಕ್ಕೊಂದು ಲೆನ್ಸ್ ಪರೀಕ್ಷೆಗೆ ಕೊಟ್ಟ. ಮಾಸ್ತರು ಹಿತ್ತಲ ಇಟ್ಟಿಗೆ ಗೋಡೆಯೆದುರು ಕ್ಯಾಮೆರಾ ನಿಲ್ಲಿಸಿದರು. ಗಾರೆಯವರು ಬಳಸುವ ನೀರುಮಟ್ಟ ಇಟ್ಟು, ಟೇಪು ಹಿಡಿದು, ದಾರ ಕಟ್ಟಿ, ಅಣೆಕಟ್ಟು ಕಟ್ಟುವವರ ಗಾಂಭೀರ್ಯದಲ್ಲಿ. ಎಡತುದಿಯಲ್ಲಿ ಹೆಂಡತಿ ದಿನಪತ್ರಿಕೆ ಹಿಡಿದು ನಿಲ್ಲಬೇಕು. ಅದರ ಸಣ್ಣ ಅಕ್ಷರ ಓದಲು ಬಂದರೆ ಲೆನ್ಸ್ ಪಾಸು. ಮೂರನೆಯ ವಾರಕ್ಕೆ ಆಕೆಯ ತಾಳ್ಮೆ ತೀರಿತು.

"ನಮ್ಮ ಮದುವೇಲೂ ಇಷ್ಟು ಫೋಟೋ ತೆಗೆಸಿರಲಿಲ್ಲ. ಗೋಡೆಗೆ ಗಂಡು ನೋಡ್ತಿದೀರೇನ್ರೀ?"

ಮೊದಲನೆಯ ಲೆನ್ಸ್ ಹೊಸದು, ಹಗುರ, ಎಲ್ಲರೂ ಹೊಗಳಿದ್ದು. ನಡುವೆ ಗಾರೆಯ ಮರಳಿನ ಕಾಳನ್ನೂ ಎಣಿಸಬಹುದಿತ್ತು, ಅಂಚಿಗೆ ಬಂದರೆ ಅಕ್ಷರಗಳು ಇರುವೆ ಸಾಲು. ನಡುವೆ ಕೂರುವವರ ಪಾಲಿನ ಲೆನ್ಸ್ ಎಂದು ಮಾಸ್ತರು ಅದನ್ನು ಹಿಂದಿರುಗಿಸಿದರು. ಎರಡನೆಯದರಲ್ಲಿ ಅಂಚು ಪರವಾಗಿಲ್ಲ, ಆದರೆ ಬಿಳಿಯದರ ಸುತ್ತೆಲ್ಲ ನೇರಳೆ ಗೆರೆ. ಪ್ಯಾಕಿಂಗಿನವರ ಕೋಟು ಬಿಳಿ, ಆದ್ದರಿಂದ ಅದೂ ಬೇಡ. ಮೂರನೆಯದು ಯಾರೋ ಬಳಸಿ ಮಾರಿದ ಲೆನ್ಸ್, ಕೈಯಲ್ಲಿ ಹಿಡಿದರೆ ಕುಂಬಳಕಾಯಿಯ ಭಾರ. ಪೂರ್ತಿ ಅಗಲಕ್ಕೆ ತಿರುಗಿಸಿದರೆ ಗೋಡೆಗೆ ಹೊಟ್ಟೆ ಬರುತ್ತಿತ್ತು. ಝೂಮನ್ನು ಒಂದು ಚೂರು ಒಳಕ್ಕೆ ತಂದು ಬೆಳಕು ಒಳಬರುವ ಕಿಂಡಿಯನ್ನು ಹನ್ನೊಂದರ ಗುರುತಿಗೆ ಕಿರಿದು ಮಾಡಿದರೆ ಮಾತ್ರ ಇಟ್ಟಿಗೆ ಇಟ್ಟಿಗೆಯೂ ನಿಚ್ಚಳ. ಕಂಪ್ಯೂಟರಿನಲ್ಲಿ ಹಿಗ್ಗಿಸಿದಾಗ ಎಡತುದಿಯ ಪತ್ರಿಕೆಯಲ್ಲಿ 'ಕಾಣೆಯಾಗಿದ್ದಾರೆ' ಎಂಬ ಜಾಹೀರಾತಿನ ಫೋನ್ ನಂಬರು ಸಹ ಓದಲು ಬಂತು. ಮಾಸ್ತರು ಹೆಂಡತಿಯನ್ನು ಒಲೆಯ ಮುಂದಿನಿಂದ ಕರೆದು ತೋರಿಸಿದರು. ಆಕೆ ನೋಡಿ, ನನ್ನ ತಲೆ ಎಲ್ಲಿ ಎಂದು ಕೇಳಿದಳು. ತಲೆ ಚಿತ್ರದ ಹೊರಗಿತ್ತು.

ಆ ಲೆನ್ಸಿನ ಇನ್ನೊಂದು ಗುಣವನ್ನೂ ಮಾಸ್ತರು ಕಂಡುಕೊಂಡರು. ಅದು ಚಪ್ಪಟೆಯಾದದ್ದನ್ನು ಚಪ್ಪಟೆಯಾಗಿಯೇ ನೋಡುತ್ತಿತ್ತು. ಇಷ್ಟು ವರ್ಷ ಅವರು, ಹಳೆಯ ಫೋಟೋಗ್ರಾಫರುಗಳೆಲ್ಲ ಮಾಡುವ ಹಾಗೆ, ಗುಂಪನ್ನು ಬಿಲ್ಲಿನಂತೆ ಬಾಗಿಸಿ ನಿಲ್ಲಿಸುತ್ತಿದ್ದರು. ಈ ಲೆನ್ಸಿಗೆ ಹಾಗೆ ನಿಂತರೆ ಅಂಚಿನವರು ಮಸುಕು. ಸಾಲು ಗೋಡೆಯ ಹಾಗೆ ನೇರವಾಗಿರಬೇಕು.

ಈ ಸಿದ್ಧಾಂತವನ್ನು ಅವರು ಚಹಾದಂಗಡಿಯಲ್ಲಿ ಫ್ಲಾಶ್‌ಗೆ ಕಾಲು ಗಂಟೆ ವಿವರಿಸಿದರು. ಅವನು ಲೋಟ ಕೆಳಗಿಟ್ಟ.

"ಗುರುಗಳೇ, ಫೋಟೋ ನೋಡೋರು ಮೊದಲು ತಮ್ಮ ಮುಖ ನೋಡ್ಕೋತಾರೆ, ಆಮೇಲೆ ಸಾಹೇಬರ ಮುಖ ನೋಡ್ತಾರೆ. ಅಂಚಿಗೆ ಬರೋದು ನೀವೊಬ್ರು, ಇನ್ನೊಂದು ಗೆದ್ದಲು."

ಮಾಸ್ತರು ಅಜ್ಞಾನಿಯನ್ನು ಕ್ಷಮಿಸಿದರು. ಕ್ಷಮಿಸುವುದು ಅವರಿಗೆ ಒಗ್ಗಿತ್ತು.

ಫೋಟೋ ದಿನ ಬಂತು. ವರ್ಷದಲ್ಲಿ ಆ ಒಂದು ಗಂಟೆ ಕಾರ್ಖಾನೆಯ ಒಡೆತನ ಮಾಸ್ತರರದು. ಅವರು ಕೈ ಎತ್ತಿದರೆ ಎಂಜಿನಿಯರುಗಳು ಸರಿಯುತ್ತಾರೆ, ಬೆರಳು ಮಡಚಿದರೆ ಅಧಿಕಾರಿಗಳು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. "ಸಾರ್, ಗದ್ದ ಒಂದು ಚೂರು ಕೆಳಗೆ" ಎಂದರೆ ಊರಿನಲ್ಲಿ ಯಾರಿಗೂ ತಲೆಬಾಗದ ಮ್ಯಾನೇಜರರ ಗದ್ದ ಕೆಳಗಿಳಿಯುತ್ತದೆ. ಆ ದಿನ ನೆಲದ ಮೇಲೆ ಸುಣ್ಣದ ಗೆರೆ ಎಳೆದು ಎಲ್ಲರನ್ನೂ ನೇರಕ್ಕೆ ನಿಲ್ಲಿಸಿದರು. ಬಾಗಿದ್ದ ಸಾಲು ನೇರವಾದ ಮೇಲೆ ಉದ್ದವಾಯಿತು. ಆಗಲಿ, ಅಗಲವೆಲ್ಲ ಲೆನ್ಸಿನ ಹೊಟ್ಟೆಯೊಳಗಿದೆಯಲ್ಲ ಎಂದುಕೊಂಡರು.

ಅಕ್ಕ ಎಂದಿನಂತೆ ಕೊನೆಗೆ ಬಂದಳು. ಕೈಯನ್ನು ಕೋಟಿಗೆ ಒರೆಸಿಕೊಳ್ಳುತ್ತಾ ಎಡತುದಿಗೆ ನಡೆದವಳು ಅರ್ಧಕ್ಕೆ ನಿಂತಳು. ಎಂಜಿನಿಯರುಗಳ ಪಕ್ಕದಲ್ಲಿ ಅಪರೂಪಕ್ಕೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು. ಅವಳು ಆ ಜಾಗವನ್ನು ನೋಡಿದಳು, ಆಮೇಲೆ ತಮ್ಮನನ್ನು ನೋಡಿದಳು. ಮೂವತ್ತೆಂಟು ವರ್ಷದಲ್ಲಿ ಏನನ್ನೂ ಕೇಳದವಳು ಕಣ್ಣಿನಲ್ಲಿ ಒಂದು ಮಾತು ಕೇಳಿದಳು.

ಮಾಸ್ತರರಿಗೆ ಕ್ಯಾಮೆರಾದ ಕಿಂಡಿಯಲ್ಲಿ ಎಲ್ಲವೂ ಕಂಡಿತು. ಆದರೆ ಅಕ್ಕ ಒಳಗೆ ಬಂದುಬಿಟ್ಟರೆ ಅಂಚಿನಲ್ಲಿ ಯಾರಿರುತ್ತಾರೆ? ಇಷ್ಟು ವಾರಗಳ ಗೋಡೆ, ದಾರ, ಪತ್ರಿಕೆಗೆಲ್ಲ ಅರ್ಥವೇನು?

"ಅಲ್ಲಿ ಬೇಡ ಅಕ್ಕ, ತುದೀಲೇ ನಿಲ್ಲು. ಈ ಸಲ ನೋಡ್ತಿರು" ಎಂದರು.

ಅಕ್ಕ ತುದಿಗೆ ಹೋಗಿ ನಿಂತಳು.

ಚಿತ್ರ ಬಂದದ್ದು ಮಾತ್ರ ಅದ್ಭುತವಾಗಿ. ಸ್ಟುಡಿಯೋದಲ್ಲಿ ಕೂತು ಹಿಗ್ಗಿಸಿದಾಗ, ಅಂಚಿನಲ್ಲಿ ಲೆನ್ಸ್ ಎಳೆದದ್ದಕ್ಕೆ ಕೆನ್ನೆ ಒಂದು ಸುತ್ತು ಅಗಲವಾಗಿದ್ದರೂ ಅಕ್ಕ ಅಕ್ಕನೇ ಆಗಿದ್ದಳು. ಹಣೆಯ ಮೇಲೆ ಟೋಪಿ ಒತ್ತಿದ ಗೆರೆ, ತಂತಿ ಸುತ್ತಿ ಕಟ್ಟಿದ ಕನ್ನಡಕದ ಕಡ್ಡಿ, ಹುಬ್ಬಿನಲ್ಲಿ ಹಿಟ್ಟೋ ನರೆಯೋ ತಿಳಿಯದ ಬಿಳುಪು. ಅಕ್ಕ ಯಾವಾಗ ಇಷ್ಟು ಮುದುಕಿಯಾದಳು ಎಂದು ಮಾಸ್ತರು ಆಶ್ಚರ್ಯಪಟ್ಟರು. ಎದುರಿಗಿದ್ದಾಗ ಅವಳನ್ನು ಇಷ್ಟು ಹೊತ್ತು ಅವರು ನೋಡಿದ್ದೇ ಇಲ್ಲ. ಉದ್ದನೆಯದೊಂದು ಪ್ರತಿಯನ್ನು ಸುರುಳಿ ಸುತ್ತಿ ಕಾರ್ಖಾನೆಗೆ ಕಳಿಸಿದರು.

ಅಕ್ಕನ ಕೊನೆಯ ಕೆಲಸದ ದಿನ ಬೀಳ್ಕೊಡುಗೆಯ ಫೋಟೋ ತೆಗೆಯಲು ಹೋದ ಮಾಸ್ತರು ಅವಳನ್ನು ಕೈಹಿಡಿದು ಮೊಗಸಾಲೆಗೆ ಕರೆದೊಯ್ದರು. ಮೂವತ್ತೊಂಬತ್ತನೆಯ ಚೌಕಟ್ಟು ಆಗಲೇ ಏರಿತ್ತು, ಉಳಿದವುಗಳದೇ ಅಳತೆಯದು. ಗೋಡೆಯ ಮೇಲೆ ಒಂದು ಮಾತ್ರ ಉದ್ದವಾಗಿದ್ದರೆ ಚೆನ್ನಾಗಿರುವುದಿಲ್ಲ, ಹಾಗೆಂದು ಇಡೀ ಚಿತ್ರವನ್ನು ಕುಗ್ಗಿಸಿದರೆ ಮ್ಯಾನೇಜರರ ಮುಖ ಹೋದ ವರ್ಷದ್ದಕ್ಕಿಂತ ಸಣ್ಣದಾಗುತ್ತದೆ. ಆದ್ದರಿಂದ ಚೌಕಟ್ಟಿನವನು ಎರಡೂ ಬದಿಯನ್ನು ಅಚ್ಚುಕಟ್ಟಾಗಿ ಕತ್ತರಿಸಿದ್ದ. ಎಡತುದಿಯಲ್ಲಿ ಉಳಿದದ್ದು ಒಂದು ಬಿಳಿಯ ತೋಳು ಮತ್ತು ಮೂರು ಬೆರಳು. ಬೆರಳುಗಳು ಮಾತ್ರ ಎಷ್ಟು ನಿಚ್ಚಳವಾಗಿದ್ದವೆಂದರೆ ಉಗುರಿನ ಸಂದಿಯ ಹಿಟ್ಟೂ ಕಾಣುತ್ತಿತ್ತು.

ಅಕ್ಕ ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿದಳು. ಪಕ್ಕದ ಮೂವತ್ತೆಂಟನ್ನೂ ಒಂದು ಸಲ ನೋಡಿದಳು. ಅವುಗಳಲ್ಲಿ ಮಸುಕಾಗಿಯಾದರೂ ಅವಳಿದ್ದಳು.

ಮಾಸ್ತರು ತಡವರಿಸುತ್ತಾ, ಪೂರ್ತಿ ಪ್ರತಿ ಸ್ಟುಡಿಯೋದಲ್ಲಿದೆ, ನಾಳೆಯೇ ದೊಡ್ಡ ಚೌಕಟ್ಟು ಹಾಕಿಸಿ ಮನೆಗೆ ತಂದುಕೊಡುತ್ತೇನೆ ಎಂದರು.

"ಮನೆಗೆ ಯಾಕೋ? ಮನೇಲಿ ಕನ್ನಡಿ ಇದೆ. ನಾನು ದುಡಿದದ್ದು ಇಲ್ಲಿ."

ಮಾಸ್ತರು ಲೆನ್ಸಿನ ಬಗ್ಗೆ ಏನೋ ಹೇಳಲು ಹೊರಟರು. ಅಕ್ಕ ಕೈ ಅಡ್ಡ ಹಿಡಿದಳು.

"ನಿನ್ನ ಗಾಜಿನ ವಿಷಯ ನನಗೆ ತಿಳಿಯಲ್ಲಪ್ಪ. ಸಾಹೇಬರ ಗದ್ದ ಇಳಿಸೋಕೆ ಬಾಯಿ ಇತ್ತು ನಿನಗೆ. 'ಅಕ್ಕ, ಎರಡು ಹೆಜ್ಜೆ ಒಳಗೆ ಬಾ' ಅನ್ನೋಕೆ ಹನ್ನೆರಡು ವರ್ಷ ಬಾಯಿ ಬರಲಿಲ್ಲ ನೋಡು."

ಅಷ್ಟು ಹೇಳಿ ಅವಳು ಪಟ್ಟಿ ನಿಲ್ಲಿಸಬೇಕೆಂದು ಒಳಗೆ ಹೋದಳು. ಕೊನೆಯ ದಿನವಾದರೂ ಗುಂಡಿ ಅವಳ ವಶದಲ್ಲೇ ಇತ್ತು.

ಮರುವರ್ಷವೂ ಫೋಟೋಗೆ ಮಾಸ್ತರರನ್ನೇ ಕರೆದರು, ಚೌಕಟ್ಟಿನ ಅಳತೆ ನೆನಪಿರಲಿ ಎಂದು ಆಫೀಸಿನಿಂದ ಚೀಟಿ ಬಂದಿತ್ತು. ಅದೇ ಅಂಗಳ, ಅದೇ ಲೆನ್ಸ್, ಸಾಲು ಮತ್ತೆ ಬಿಲ್ಲಿನಂತೆ ಬಾಗಿತ್ತು. ಎಲ್ಲರೂ ನಿಂತ ಮೇಲೆ ಪಟ್ಟಿ ನಿಲ್ಲಿಸಿ ಓಡಿಬಂದ ಬೇರೊಬ್ಬ ಹೆಂಗಸು, ಕೋಟಿಗೆ ಕೈ ಒರೆಸಿಕೊಳ್ಳುತ್ತಾ, ಎಡತುದಿಗೆ ಹೋಗಿ ನಿಂತಳು. ಒಳಗೆ ಜಾಗವಿತ್ತು. ಮಾಸ್ತರು ಕ್ಯಾಮೆರಾದಿಂದ ತಲೆಯೆತ್ತಿ ಬಾಯಿ ತೆರೆದರು. ಅಷ್ಟರಲ್ಲಿ ಮ್ಯಾನೇಜರು ಗಡಿಯಾರ ನೋಡಿಕೊಂಡರು.

"ಸಾರ್," ಎಂದರು ಮಾಸ್ತರು, "ಗದ್ದ ಒಂದು ಚೂರು ಕೆಳಗೆ."